ಒಂದೇ ರಾತ್ರಿಗೆ ಇಡೀ ಸರಣಿಯೋ, ವಾರಕ್ಕೊಂದು ಕಂತೋ: ನಡುವಿನ ಬಿಡುವು ಮಾಡುವ ಕೆಲಸವೇನು?

ಕೊಡಗಿನ ಒಳಹಳ್ಳಿಗಳಿಗೂ ಈಚಿನ ವರ್ಷಗಳಲ್ಲಿ ಫೈಬರ್ ಇಂಟರ್ನೆಟ್ ಬರತೊಡಗಿದ ಮೇಲೆ ತೋಟದ ಮನೆಯ ಒಂದೇ ಟಿವಿ ಎರಡು ಪಾಳಿಯಲ್ಲಿ ಓಡುತ್ತಿದೆ. ಸಂಜೆ ಏಳರಿಂದ ಹತ್ತರವರೆಗೆ ಕನ್ನಡ ವಾಹಿನಿಗಳ ಧಾರಾವಾಹಿಗಳು. ಹಿರಿಯರು ಮಲಗಿದ ಮೇಲೆ, ರಜೆಗೆ ಊರಿಗೆ ಬಂದ ಮಕ್ಕಳ ವೆಬ್ ಸರಣಿಗಳು. ಮೊದಲನೆಯದರಲ್ಲಿ ಕಥೆ ದಿನಕ್ಕೆ ಅರ್ಧ ಗಂಟೆಯಷ್ಟೇ ಮುಂದೆ ಸಾಗುತ್ತದೆ. ಎರಡನೆಯದರಲ್ಲಿ ಇಡೀ ಕಥೆ ಒಂದೇ ರಾತ್ರಿಯಲ್ಲಿ ಮುಗಿದು, ಬೆಳಗಿನ ಕಾಫಿಯ ಹೊತ್ತಿಗೆ ಕೆಂಪಗಾದ ಕಣ್ಣುಗಳು ಉಳಿದಿರುತ್ತವೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಹಿಡಿದು ಹೊರಗಿನ ಕೆಲಸವೆಲ್ಲ ನಿಂತ ದಿನಗಳಲ್ಲಿ ಈ ರಾತ್ರಿಪಾಳಿ ಇನ್ನಷ್ಟು ಉದ್ದವಾಗುತ್ತದೆ, ಮನೆಮನೆಯಲ್ಲೂ ಅದೇ ಮಾತು ಏಳುತ್ತದೆ: ಇಷ್ಟೊಂದನ್ನು ಒಟ್ಟಿಗೆ ನೋಡುವುದೇಕೆ, ಸ್ವಲ್ಪ ಸ್ವಲ್ಪವಾಗಿ ನೋಡಿದರೆ ಆಗದೇ?

ಇದಕ್ಕೆ ಉತ್ತರ ಹುಡುಕುವ ಮುನ್ನ ಎರಡು ಕಂತುಗಳ ನಡುವಿನ ಬಿಡುವನ್ನು ಗಮನಿಸಬೇಕು. ಏನೂ ನಡೆಯದ ಖಾಲಿ ಹೊತ್ತಿನಂತೆ ಕಾಣುವ ಆ ಅವಧಿಯಲ್ಲಿ ನೋಡುಗರ ನೆನಪು, ಕುತೂಹಲ, ನಿದ್ರೆ, ಮಾತುಕತೆ ಎಲ್ಲವೂ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ಆ ಬಿಡುವನ್ನು ಯಾರು ಇಡುತ್ತಾರೆ, ಯಾರು ತೆಗೆದುಹಾಕುತ್ತಾರೆ ಎಂಬುದರ ಸುತ್ತಲೇ ಈ ವಿಷಯದ ಬಹುಪಾಲು ನಿಂತಿದೆ.

ಯಾವುದಕ್ಕೆ ಏನೆನ್ನುತ್ತಾರೆ

ಒಂದು ಕಥೆಯನ್ನು ಹಲವು ತುಂಡುಗಳಾಗಿ ಹೇಳಿದಾಗ ಒಟ್ಟು ಕಥೆಗೆ ಸರಣಿ ಎಂದೂ ಪ್ರತಿ ತುಂಡಿಗೆ ಕಂತು ಅಥವಾ ಸಂಚಿಕೆ ಎಂದೂ ಹೇಳುತ್ತೇವೆ. ಒಂದು ಸಲಕ್ಕೆಂದು ಸಿದ್ಧಪಡಿಸಿದ ಕಂತುಗಳ ಗುಂಪು ‘ಸೀಸನ್’. ಇದರಲ್ಲಿ ಸಾಮಾನ್ಯವಾಗಿ ಆರರಿಂದ ಹತ್ತು ಕಂತುಗಳಿರುತ್ತವೆ. ಕೇಬಲ್ ಅಥವಾ ಡಿಷ್‌ನ ಹಂಗಿಲ್ಲದೆ ಇಂಟರ್ನೆಟ್ ಮೂಲಕ ಇವನ್ನು ತಲುಪಿಸುವ ಸೇವೆಗಳನ್ನು ಒಟಿಟಿ ವೇದಿಕೆಗಳು ಎನ್ನುತ್ತಾರೆ. ನೆಟ್‌ಫ್ಲಿಕ್ಸ್, ಅಮೆಜಾನ್ ಪ್ರೈಮ್ ವಿಡಿಯೋ, ಜಿಯೋಹಾಟ್‌ಸ್ಟಾರ್, ಜೀ5, ಸನ್ ನೆಕ್ಸ್ಟ್ ಇವೆಲ್ಲ ಅಂಥವು.

ಹಲವು ಕಂತುಗಳನ್ನು ಒಂದೇ ಪಟ್ಟಿಗೆ ಕುಳಿತು ನೋಡುವುದೇ ಬಿಂಜ್ ವಾಚಿಂಗ್. ಎಷ್ಟು ಕಂತು ನೋಡಿದರೆ ಅದು ಬಿಂಜ್ ಎಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆಯಿಲ್ಲ. 2013ರಲ್ಲಿ ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಮಾಡಿಸಿದ ಸಮೀಕ್ಷೆಯಲ್ಲಿ ಹೆಚ್ಚಿನವರು ಒಂದೇ ಸರಣಿಯ 2ರಿಂದ 6 ಕಂತುಗಳನ್ನು ಒಟ್ಟಿಗೆ ನೋಡುವುದನ್ನು ಬಿಂಜ್ ಎಂದು ಕರೆದಿದ್ದರು. ಹೀಗೆಂದ ಮೇಲೆ ಭಾನುವಾರ ಮಧ್ಯಾಹ್ನ ಎರಡು ಕಂತು ನೋಡುವವರೂ ಈ ಲೆಕ್ಕಕ್ಕೆ ಸೇರುತ್ತಾರೆ, ಬೆಳಗಿನ ಜಾವದವರೆಗೆ ಆರು ಕಂತು ನೋಡುವವರೂ ಸೇರುತ್ತಾರೆ. ಇಬ್ಬರಿಗೂ ಒಂದೇ ಬುದ್ಧಿಮಾತು ಹೇಳುವುದರಲ್ಲಿ ಅರ್ಥವಿಲ್ಲ.

ಬಿಡುವು ಎಲ್ಲರಿಗೂ ಒಂದೇ ಆಗಿದ್ದ ಕಾಲ

ಕಥೆಯನ್ನು ಕಂತಿನಲ್ಲಿ ಹೇಳುವ ಪದ್ಧತಿ ಟಿವಿಗಿಂತ ಬಹಳ ಹಳೆಯದು. ಚಾರ್ಲ್ಸ್ ಡಿಕನ್ಸ್ ತನ್ನ ಮೊದಲ ಕಾದಂಬರಿಯನ್ನು 1836–37ರಲ್ಲಿ ತಿಂಗಳಿಗೊಂದು ಭಾಗವಾಗಿ ಪ್ರಕಟಿಸಿದ. 1965ರಲ್ಲಿ ಆರಂಭವಾದ ‘ಸುಧಾ’, ಎಂಬತ್ತರ ದಶಕದಲ್ಲಿ ಬಂದ ‘ತರಂಗ’ದಂಥ ವಾರಪತ್ರಿಕೆಗಳು ಕಾದಂಬರಿಗಳನ್ನು ವಾರವಾರವೂ ಓದುಗರಿಗೆ ಉಣಿಸಿದವು. ಪತ್ರಿಕೆ ಬಸ್ಸಿನಲ್ಲಿ ಬಂದು ಅಂಗಡಿಗೆ ತಲುಪುವವರೆಗೆ ಕಾಯಲೇಬೇಕಿತ್ತು, ಕಾದವರೆಲ್ಲರೂ ಕಥೆಯ ಒಂದೇ ಜಾಗದಲ್ಲಿ ನಿಂತಿರುತ್ತಿದ್ದರು.

ದೂರದರ್ಶನ ಇದೇ ಕ್ರಮವನ್ನು ಮುಂದುವರಿಸಿತು. ಬೇರೆ ವಾಹಿನಿಯೇ ಇಲ್ಲದ ಆ ದಿನಗಳಲ್ಲಿ ರಮಾನಂದ ಸಾಗರ್ ಅವರ ‘ರಾಮಾಯಣ’ ಭಾನುವಾರ ಬೆಳಿಗ್ಗೆ ಮಾತ್ರ ಬರುತ್ತಿತ್ತು. ಬಿಡುವು ಮಾಡುವ ಕೆಲಸವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ, ಏಕೆಂದರೆ ಅದೇ 78 ಕಂತುಗಳನ್ನು ಈ ದೇಶ ಎರಡು ಬೇರೆ ವೇಗದಲ್ಲಿ ನೋಡಿದೆ. 1987ರ ಜನವರಿಯಲ್ಲಿ ಆರಂಭವಾದ ಪ್ರಸಾರ 1988ರ ಜುಲೈವರೆಗೆ, ಅಂದರೆ ಸುಮಾರು ಒಂದೂವರೆ ವರ್ಷ ನಡೆಯಿತು. ಲಾಕ್‌ಡೌನ್ ಹೇರಿದ್ದ 2020ರಲ್ಲಿ ಮಾರ್ಚ್ 28ರಿಂದ ಬೆಳಿಗ್ಗೆಯೂ ರಾತ್ರಿಯೂ ಮರುಪ್ರಸಾರವಾದಾಗ ಮೂರೇ ವಾರಗಳಲ್ಲಿ ಮುಗಿಯಿತು. ಮೊದಲ ಸಲ ನೋಡುವಾಗ ಒಂದನೇ ತರಗತಿಯಲ್ಲಿದ್ದ ಮಗು ಕಥೆ ಮುಗಿಯುವ ಹೊತ್ತಿಗೆ ಎರಡನೇ ತರಗತಿಯನ್ನೂ ದಾಟಿತ್ತು. ಎರಡನೇ ಸಲ ನೋಡಿದವರಿಗೆ ಕಥೆ ಶುರುವಾಗಿ ಮುಗಿಯುವುದರೊಳಗೆ ಕ್ಯಾಲೆಂಡರಿನ ಒಂದು ಹಾಳೆ ಮಗುಚಿತ್ತಷ್ಟೆ.

ಕನ್ನಡದ ದೈನಿಕ ಧಾರಾವಾಹಿಗಳದು ಇವೆರಡಕ್ಕೂ ಸೇರದ ಮೂರನೆಯ ದಾರಿ. ವಾರದಲ್ಲಿ ಐದೋ ಆರೋ ದಿನ, ಜಾಹೀರಾತು ಕಳೆದರೆ ಸುಮಾರು 20 ನಿಮಿಷದ ಕಥೆ. ಕೆಲವರು ಒಂದೆರಡು ದಿನ ತಪ್ಪಿಸಿಕೊಂಡೇ ಇರುತ್ತಾರೆಂಬುದು ಬರೆಯುವವರಿಗೆ ಗೊತ್ತಿರುವುದರಿಂದ, ಒಬ್ಬ ಪಾತ್ರಕ್ಕೆ ತಿಳಿದ ಸಂಗತಿಯನ್ನು ಇನ್ನೊಬ್ಬ ಪಾತ್ರಕ್ಕೆ ಮತ್ತೆ ಮತ್ತೆ ಹೇಳಿಸುತ್ತಾರೆ. ಒಂದೇ ಪಟ್ಟಿಗೆ ನೋಡಿದರೆ ಬೇಸರ ತರಿಸುವ ಈ ಪುನರಾವರ್ತನೆ, ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತ ನೋಡುವವರಿಗೆ ದೊಡ್ಡ ಅನುಕೂಲ. ವೆಬ್ ಸರಣಿಯಲ್ಲಿ ಅದು ಇರುವುದಿಲ್ಲ, ಹತ್ತು ನಿಮಿಷ ಎದ್ದುಹೋದರೆ ಎಳೆ ಕೈತಪ್ಪುತ್ತದೆ. ನೋಡುವ ಕ್ರಮ ಬದಲಾದರೆ ಬರೆಯುವ ಕ್ರಮವೂ ಬದಲಾಗುತ್ತದೆ.

ಬಿಡುವನ್ನು ತೆಗೆದದ್ದು ಯಾವಾಗ?

2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ ಎಂಬ ತನ್ನ ಸರಣಿಯ ಮೊದಲ ಸೀಸನ್ನಿನ 13 ಕಂತುಗಳನ್ನೂ ಒಂದೇ ದಿನ ಬಿಡುಗಡೆ ಮಾಡಿತು. ಅದಕ್ಕೂ ಮುಂಚೆ ಡಿವಿಡಿ ತಂದು ಇಡೀ ಸರಣಿಯನ್ನು ಒಟ್ಟಿಗೆ ನೋಡುವವರು ಇದ್ದರಾದರೂ, ಅದು ಪ್ರಸಾರ ಮುಗಿದ ಮೇಲಿನ ಮಾತು. ದೊಡ್ಡ ವೆಚ್ಚದ ಹೊಸ ಕಥೆಯೊಂದು ಬಿಡುವೇ ಇಲ್ಲದೆ ಬಂದದ್ದು ದೊಡ್ಡ ಬದಲಾವಣೆಯಾಗಿತ್ತು. ಭಾರತಕ್ಕೆ ಈ ಸೇವೆ ಬಂದದ್ದು 2016ರ ಜನವರಿಯಲ್ಲಿ.

ಟಿವಿ ವಾಹಿನಿಯ ಬಳಿ ಇರುವುದು ದಿನದ 24 ಗಂಟೆ ಮಾತ್ರ. ಅದನ್ನೇ ಅರ್ಧ ಗಂಟೆಯ ಚೌಕಗಳಾಗಿ ಕತ್ತರಿಸಿ ಒಂದೊಂದು ಕಾರ್ಯಕ್ರಮಕ್ಕೆ ಕೊಡಬೇಕು, ಆ ಚೌಕಗಳ ನಡುವಿನ ಜಾಹೀರಾತಿನಿಂದಲೇ ಹಣ ಹುಟ್ಟಬೇಕು. ವಾರವಾರವೂ ಟಿಆರ್‌ಪಿ ನೋಡುವುದು ಅದಕ್ಕಾಗಿಯೇ. ಆಗಿನ ನೆಟ್‌ಫ್ಲಿಕ್ಸ್‌ಗೆ ಈ ಎರಡು ಕಟ್ಟೂ ಇರಲಿಲ್ಲ: ಅದು ಜಾಹೀರಾತು ತೋರಿಸುತ್ತಿರಲಿಲ್ಲ, ತಿಂಗಳ ಚಂದಾ ಪಡೆಯುತ್ತಿತ್ತು, ಯಾರು ಯಾವ ಹೊತ್ತಿಗೆ ಏನು ನೋಡಿದರೂ ಅದಕ್ಕೆ ನಷ್ಟವಿರಲಿಲ್ಲ. ಬಿಡುವನ್ನು ತಾನು ಇಡಬೇಕಾದ ಕಾರಣವೇ ಇಲ್ಲದ್ದರಿಂದ ಅದನ್ನು ನೋಡುಗರ ಕೈಗೆ ಕೊಟ್ಟಿತು.

ಕೊಟ್ಟದ್ದು ಪೂರ್ತಿಯಾಗಿಯೇ ಎಂಬುದನ್ನು ಮಾತ್ರ ಸ್ವಲ್ಪ ಹತ್ತಿರದಿಂದ ನೋಡಬೇಕು.

ಕಂತು ಮುಗಿಯುವ ಆ ಕೆಲವು ಸೆಕೆಂಡುಗಳು

ಕಂತಿನ ಕೊನೆಯ ದೃಶ್ಯದಲ್ಲಿ ಬಾಗಿಲು ತೆರೆಯುತ್ತದೆ. ಒಳಗೆ ಬಂದವರ ಮುಖ ಕಾಣುವ ಮೊದಲೇ ಪರದೆ ಕಪ್ಪಾಗುತ್ತದೆ. ಕಲಾವಿದರ ಹೆಸರುಗಳು ಮೇಲೇರಲು ಆರಂಭಿಸುತ್ತಿದ್ದಂತೆಯೇ ಆ ಚಿತ್ರ ಕುಗ್ಗಿ ಮೂಲೆ ಸೇರುತ್ತದೆ. ಕೆಳಗೆ ‘ಮುಂದಿನ ಕಂತು’ ಎಂಬ ಗುಂಡಿ ಮೂಡಿ, ಅದರೊಳಗೆ ಬಣ್ಣ ಎಡದಿಂದ ಬಲಕ್ಕೆ ತುಂಬಿಕೊಳ್ಳುತ್ತ ಹೋಗುತ್ತದೆ. ಅದು ತುಂಬುವಷ್ಟರಲ್ಲಿ ರಿಮೋಟ್ ಎಲ್ಲಿದೆಯೆಂದು ಹುಡುಕಿ ಒತ್ತದಿದ್ದರೆ ಮುಂದಿನ ಕಂತು ತಾನಾಗಿಯೇ ಶುರುವಾಗಿರುತ್ತದೆ. ಇದನ್ನು ಆಟೋಪ್ಲೇ ಎನ್ನುತ್ತಾರೆ.

ಇಲ್ಲಿ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಮೊದಲನೆಯದು, ಅರ್ಧಕ್ಕೆ ನಿಂತದ್ದನ್ನು ಪೂರೈಸಬೇಕೆಂಬ ಮನಸ್ಸಿನ ಒತ್ತಡ. 1920ರ ದಶಕದ ಬರ್ಲಿನ್‌ನಲ್ಲಿ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ಶಿಷ್ಯೆಯರಾದ ಬ್ಲೂಮಾ ಝೈಗಾರ್ನಿಕ್ ಮತ್ತು ಮರಿಯಾ ಓವ್ಸ್ಯಾಂಕಿನಾ ಇದನ್ನು ಪರೀಕ್ಷಿಸಿದರು. ಅರ್ಧಕ್ಕೆ ತಡೆದ ಕೆಲಸ ಮುಗಿಸಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿರುತ್ತದೆ ಎಂದು ಝೈಗಾರ್ನಿಕ್ 1927ರಲ್ಲಿ ಬರೆದರು. ಮುಂದಿನವರು ಮಾಡಿದ ಪರೀಕ್ಷೆಗಳಲ್ಲಿ ಈ ಫಲ ಪ್ರತಿ ಸಲವೂ ಸಿಗಲಿಲ್ಲ. ಆದರೆ ತಡೆದ ಕೆಲಸಕ್ಕೆ ಜನ ಯಾರೂ ಹೇಳದೆಯೇ ಮರಳುತ್ತಾರೆ ಎಂಬ ಓವ್ಸ್ಯಾಂಕಿನಾ ಅವರ ಮಾತು ಹೆಚ್ಚು ಗಟ್ಟಿಯಾಗಿ ನಿಂತಿದೆ. ಕುತೂಹಲದ ತುದಿಯಲ್ಲಿ ಕಂತನ್ನು ಕತ್ತರಿಸುವವರು ಬಳಸುವುದು ಇದೇ ಸ್ವಭಾವವನ್ನು.

ಎರಡನೆಯದು ನಿರ್ಧಾರದ ಹೊರೆ ಯಾರ ಮೇಲಿದೆ ಎಂಬುದು. ವಾರಕ್ಕೊಂದು ಕಂತು ಬರುವಾಗ ಏನೂ ಮಾಡದೆ ಸುಮ್ಮನಿದ್ದರೆ ನೋಡುವುದು ತಾನಾಗಿ ನಿಲ್ಲುತ್ತದೆ. ಆಟೋಪ್ಲೇ ಇರುವಾಗ ಏನೂ ಮಾಡದೆ ಸುಮ್ಮನಿದ್ದರೆ ನೋಡುವುದು ತಾನಾಗಿ ಮುಂದುವರಿಯುತ್ತದೆ. ದಿನದ ದಣಿವಿನಲ್ಲಿ ರಾತ್ರಿ ಹನ್ನೊಂದಕ್ಕೆ ಕುಳಿತವರಿಗೆ ಸುಮ್ಮನಿರುವುದೇ ಸುಲಭ. ಹಾಗಾಗಿ ಬೆಳಗಿನವರೆಗೆ ನೋಡಿದ ಹುಡುಗನನ್ನು ‘ಮನಸ್ಸು ಗಟ್ಟಿಯಿಲ್ಲ’ ಎಂದು ಬೈಯುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಅವನು ಎದುರಿಸುತ್ತಿರುವುದು ಎಚ್ಚರದಿಂದ ರೂಪಿಸಿದ ಒಂದು ಏರ್ಪಾಡನ್ನು.

ನೆನಪಿನಲ್ಲಿ ಉಳಿಯುವುದು ಎಷ್ಟು?

ಈ ಪ್ರಶ್ನೆಗೆ ನೇರವಾಗಿ ಉತ್ತರ ಹುಡುಕಿದ ಅಧ್ಯಯನವೊಂದು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಿಂದ 2017ರಲ್ಲಿ ಪ್ರಕಟವಾಯಿತು. ಶೀತಲ ಸಮರದ ಕಾಲದ ಬೇಹುಗಾರಿಕೆಯ ಕಥೆಯಿದ್ದ ಬಿಬಿಸಿಯ ಆರು ಕಂತಿನ ಸರಣಿಯೊಂದನ್ನು 51 ಮಂದಿಗೆ ತೋರಿಸಲಾಯಿತು. ಒಂದು ಗುಂಪು ಎಲ್ಲವನ್ನೂ ಒಂದೇ ಸಲಕ್ಕೆ ನೋಡಿತು, ಇನ್ನೊಂದು ದಿನಕ್ಕೊಂದು ಕಂತಿನಂತೆ, ಮತ್ತೊಂದು ವಾರಕ್ಕೊಂದರಂತೆ. ನೋಡಿ ಮುಗಿಸಿದ ಮರುದಿನ ಪ್ರಶ್ನೆ ಕೇಳಿದಾಗ ಒಂದೇ ಸಲಕ್ಕೆ ನೋಡಿದವರೇ ಎಲ್ಲರಿಗಿಂತ ಚೆನ್ನಾಗಿ ಉತ್ತರಿಸಿದರು. 140 ದಿನಗಳ ನಂತರ ಮತ್ತೆ ಕೇಳಿದಾಗ ಅತಿ ಹೆಚ್ಚು ಮರೆತಿದ್ದವರೂ ಅವರೇ. ವಾರಕ್ಕೊಂದರಂತೆ ನೋಡಿದವರ ನೆನಪು ಕಡಿಮೆ ಸವೆದಿತ್ತು. ಇದು ಚಿಕ್ಕ ಅಧ್ಯಯನ, ಅದೂ ಒಂದೇ ಸರಣಿಯ ಮೇಲೆ ನಡೆದದ್ದು ಎಂಬುದನ್ನು ಮರೆಯಬಾರದು. ಆದರೂ ಇದು ಹೇಳುವ ಮಾತು ಹೊಸದಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ, ಒಟ್ಟಿಗೆ ಉರು ಹೊಡೆದದ್ದಕ್ಕಿಂತ ಬಿಟ್ಟುಬಿಟ್ಟು ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆಂದು ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದರು.

ಕಾಫಿ ಬೆಳೆಯುವವರಿಗೆ ಇದರ ಮರ್ಮ ಬೇಗ ಹಿಡಿಯುತ್ತದೆ. ರೋಬಸ್ಟಾ ತೋಟಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಇಟ್ಟು ಹೂವಿಗೆಂದು ಒಮ್ಮೆ ನೀರು ಕೊಡುತ್ತಾರೆ. ಹೂ ಅರಳಿ, ಕೆಲವು ವಾರ ಕಳೆದ ಮೇಲೆ, ಕಾಯಿ ಕಚ್ಚಲೆಂದು ಬ್ಯಾಕಿಂಗ್ ನೀರು ಕೊಡುತ್ತಾರೆ. ಎರಡು ಸಲದ ನೀರನ್ನೂ ಮೊದಲ ದಿನವೇ ಹಾಯಿಸಿದರೆ ಹೂವೇನೋ ಅರಳೀತು, ಎರಡನೆಯ ನೀರು ಮಾಡಬೇಕಾದ ಕೆಲಸ ಆಗದೆ ಉಳಿಯುತ್ತದೆ. ನೆನಪಿನಲ್ಲಿಯೂ ನಡೆಯುವುದು ಹೀಗೆಯೇ. ಒಂದು ವಾರದ ನಂತರ ಹೊಸ ಕಂತು ನೋಡಲು ಕುಳಿತಾಗ, ಅರ್ಧ ಮರೆತಿದ್ದ ಹಿಂದಿನ ಕಥೆಯನ್ನು ಮನಸ್ಸು ಶ್ರಮಪಟ್ಟು ಮತ್ತೆ ಹುಡುಕಿ ತರಬೇಕಾಗುತ್ತದೆ, ಹಾಗೆ ತಂದದ್ದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಬೆನ್ನುಬೆನ್ನಿಗೆ ನೋಡುವಾಗ ಮರೆಯಲು ಹೊತ್ತೇ ಸಿಗದ್ದರಿಂದ ಹುಡುಕಿ ತರುವ ಶ್ರಮವೂ ಬೀಳುವುದಿಲ್ಲ.

ಒಟ್ಟಿಗೆ ನೋಡುವುದಕ್ಕೂ ಇಲ್ಲಿ ಒಂದು ಬಲವಿದೆ. ಹತ್ತಾರು ಪಾತ್ರಗಳು, ಹಿಂದುಮುಂದಾಗುವ ಕಾಲ, ಒಂದನೇ ಕಂತಿನಲ್ಲಿ ಕಂಡ ಪತ್ರಕ್ಕೆ ಏಳನೇ ಕಂತಿನಲ್ಲಿ ಅರ್ಥ ಸಿಗುವ ಹೆಣಿಗೆ, ಇಂಥ ಕಥೆಗಳನ್ನು ವಾರದ ಅಂತರದಲ್ಲಿ ನೋಡಿದರೆ ಸೂಕ್ಷ್ಮಗಳು ಜಾರಿಹೋಗುತ್ತವೆ. ಎರಡು ಮೂರು ದಿನಗಳಲ್ಲಿ ನೋಡಿದಾಗ ಹೆಣಿಗೆ ಇಡಿಯಾಗಿ ಕಾಣುತ್ತದೆ.

ಹೆಚ್ಚು ಖುಷಿ ಕೊಡುವುದು ಯಾವುದು?

ಒಟ್ಟಿಗೆ ನೋಡಿದರೆ ಹೆಚ್ಚು ಖುಷಿ ಎಂದು ನಮಗೆ ತೋರುತ್ತದೆ. ಮೆಲ್ಬರ್ನ್‌ನ ಆ ಅಧ್ಯಯನದಲ್ಲಿ ಒಂದೇ ಸಲಕ್ಕೆ ನೋಡಿದವರು ಸರಣಿಯನ್ನು ಉಳಿದವರಿಗಿಂತ ಕಡಿಮೆ ಮೆಚ್ಚಿದ್ದರು. 2009ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಇನ್ನೊಂದು ಅಧ್ಯಯನ ಇದಕ್ಕಿಂತ ಅಚ್ಚರಿಯದು: ಜಾಹೀರಾತಿನ ಅಡ್ಡಿಯೊಂದಿಗೆ ಕಾರ್ಯಕ್ರಮ ನೋಡಿದವರು, ಅಡ್ಡಿಯಿಲ್ಲದೆ ನೋಡಿದವರಿಗಿಂತ ಅದನ್ನು ಹೆಚ್ಚು ಮೆಚ್ಚಿಕೊಂಡಿದ್ದರು. ಜಾಹೀರಾತು ಬೇಡವೆಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವುದೇ ಸುಖವಾದರೂ ಸತತವಾಗಿ ಸಿಕ್ಕಾಗ ಮನಸ್ಸು ಅದಕ್ಕೆ ಒಗ್ಗಿಹೋಗಿ ಅದರ ಹರಿತ ಕಡಿಮೆಯಾಗುತ್ತದೆ, ನಡುವೆ ತಡೆ ಬಂದರೆ ಆ ಒಗ್ಗುವಿಕೆ ಮುರಿದು ಮತ್ತೆ ಮೊದಲಿನ ರುಚಿ ಮರಳುತ್ತದೆ ಎಂಬುದು ಸಂಶೋಧಕರ ವಿವರಣೆ.

ಬಿಡುವು ಇನ್ನೊಂದು ಸುಖವನ್ನೂ ಕೊಡುತ್ತದೆ, ಅದು ನೋಡುವ ಹೊತ್ತಿನ ಹೊರಗಿನದು. ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನ್ ಕಡಿದ ಮರುದಿನ ಫೋನಿನಲ್ಲಿ ಕೇಳಿಬರುವ ಮಾತು ಎಲ್ಲರಿಗೂ ಪರಿಚಿತ: “ಅಕ್ಕ, ನಿನ್ನೆ ನಮ್ಮಲ್ಲಿ ಕರೆಂಟ್ ಇರ್ಲಿಲ್ಲ. ಅವಳು ಮನೆ ಬಿಟ್ಟು ಹೋದ್ಲಾ, ಇಲ್ವಾ?” ಆ ಕಡೆಯಿಂದ ಕಾಲು ಗಂಟೆ ಕಥೆ ಬರುತ್ತದೆ, ಜೊತೆಗೆ ಅತ್ತೆಯ ಪಾತ್ರದ ಮೇಲಿನ ಸಿಟ್ಟೂ ಬರುತ್ತದೆ. ಇಬ್ಬರೂ ಕಥೆಯ ಒಂದೇ ಜಾಗದಲ್ಲಿ ನಿಂತಿರುವುದರಿಂದಲೇ ಈ ಮಾತು ಸಾಧ್ಯ. ಎಲ್ಲ ಕಂತೂ ಒಂದೇ ದಿನ ಬಂದ ಸರಣಿಯಲ್ಲಿ ಒಬ್ಬರು ಮೂರನೇ ಕಂತಿನಲ್ಲಿ, ಇನ್ನೊಬ್ಬರು ಎಂಟನೆಯದರಲ್ಲಿ ಇರುತ್ತಾರೆ. ‘ಹೇಳಬೇಡ, ನಾನಿನ್ನೂ ನೋಡಿಲ್ಲ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮೇಲಿನ ಎಲ್ಲ ಸಂಶೋಧನೆಗಿಂತ ನನಗೆ ಈ ನಷ್ಟವೇ ದೊಡ್ಡದಾಗಿ ಕಾಣುತ್ತದೆ.

ನಿದ್ರೆಯ ಲೆಕ್ಕ

ತಲಾ 45 ನಿಮಿಷದ ಎಂಟು ಕಂತೆಂದರೆ ಆರು ಗಂಟೆ. ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಮುಗಿಯುವುದು ನಾಲ್ಕಕ್ಕೆ. ಇಷ್ಟು ಯಾರಿಗೂ ಹೇಳಿಕೊಡಬೇಕಿಲ್ಲ. ಗಮನಿಸಬೇಕಾದದ್ದು ಪರದೆ ಆರಿಸಿದ ಮೇಲೂ ನಿದ್ರೆ ಬೇಗ ಹತ್ತದಿರುವುದನ್ನು. ಬೆಲ್ಜಿಯಂನಲ್ಲಿ 18ರಿಂದ 25 ವಯಸ್ಸಿನ 423 ಮಂದಿಯನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ಬಿಂಜ್ ಮಾಡುವವರ ನಿದ್ರೆಯ ಗುಣಮಟ್ಟ ಕಡಿಮೆಯಿತ್ತು. ಮಲಗುವ ಹೊತ್ತಿನಲ್ಲಿಯೂ ಮನಸ್ಸು ಕಥೆಯ ಎಳೆಗಳನ್ನು ಬಿಡದೆ ಎಚ್ಚರವಾಗಿರುವುದು ಅದಕ್ಕೆ ಮುಖ್ಯ ಕಾರಣವಾಗಿ ಕಂಡಿತು. ಒಂದು ಸಮೀಕ್ಷೆಯಿಂದ ಕಾರಣ–ಪರಿಣಾಮವನ್ನು ಖಚಿತವಾಗಿ ಹೇಳಲಾಗದು. ನಿದ್ರೆ ಬಾರದವರು ಹೆಚ್ಚು ನೋಡುತ್ತಿರಲೂಬಹುದು.

ಇದೊಂದು ಕಾಯಿಲೆಯೇ ಎಂದು ಹೆತ್ತವರು ಕೇಳುತ್ತಾರೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ವಿಡಿಯೋ ಗೇಮ್ ಆಟದ ವ್ಯಸನಕ್ಕೆ ಸ್ಥಾನವಿದೆ, ಬಿಂಜ್ ವಾಚಿಂಗ್‌ಗೆ ಇಲ್ಲ. ಆದರೆ ನೋಡುವುದನ್ನು ನಿಲ್ಲಿಸಲಾಗದೆ ಓದು, ಕೆಲಸ, ಊಟ, ಸಂಬಂಧಗಳು ಕೆಡತೊಡಗಿದರೆ ಹೆಸರಿಗಾಗಿ ಕಾಯಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವ ಮೊದಲು ಮಾತನಾಡಿ ನೋಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿಯೂ ಸಿಗುತ್ತದೆ.

ವಾರದ ಕಂತು ಮರಳಿ ಬಂದದ್ದೇಕೆ?

ಎಲ್ಲವನ್ನೂ ಒಮ್ಮೆಗೇ ಕೊಡುವ ಕ್ರಮಕ್ಕೆ ವ್ಯಾಪಾರದಲ್ಲಿ ಒಂದು ತೂತಿದೆ. ಒಂದು ತಿಂಗಳ ಚಂದಾ ಕಟ್ಟಿ, ಬೇಕಾದ ಸರಣಿಯನ್ನು ಎರಡು ದಿನದಲ್ಲಿ ಮುಗಿಸಿ, ಚಂದಾ ನಿಲ್ಲಿಸಬಹುದು. ಎಂಟು ಕಂತುಗಳನ್ನು ವಾರಕ್ಕೊಂದರಂತೆ ಕೊಟ್ಟರೆ ಮೊದಲಿನಿಂದ ಕೊನೆಯ ಕಂತಿನವರೆಗೆ 49 ದಿನ ಹಿಡಿಯುತ್ತದೆ, ಎರಡು ತಿಂಗಳ ಚಂದಾ ಕಟ್ಟಲೇಬೇಕಾಗುತ್ತದೆ. 2019ರ ನವೆಂಬರ್‌ನಲ್ಲಿ ಆರಂಭವಾದ ಡಿಸ್ನಿ ಪ್ಲಸ್ ತನ್ನ ದೊಡ್ಡ ಸರಣಿಯನ್ನು ವಾರದ ಲೆಕ್ಕದಲ್ಲಿ ಬಿಡುಗಡೆ ಮಾಡಿತು. ಅಮೆಜಾನ್ 2020ರಲ್ಲಿ ‘ದಿ ಬಾಯ್ಸ್’ನ ಎರಡನೇ ಸೀಸನ್ನಿನ ಮೂರು ಕಂತುಗಳನ್ನು ಮೊದಲ ದಿನ ಕೊಟ್ಟು, ಉಳಿದವನ್ನು ವಾರಕ್ಕೊಂದರಂತೆ ಹಂಚಿತು. ನೆಟ್‌ಫ್ಲಿಕ್ಸ್ ಕೂಡ 2022ರ ಮೊದಲ ಮೂರು ತಿಂಗಳಲ್ಲಿ 2 ಲಕ್ಷ ಚಂದಾದಾರರನ್ನು ಕಳೆದುಕೊಂಡಿತು. ಅದೇ ವರ್ಷ ಅದರ ‘ಸ್ಟ್ರೇಂಜರ್ ಥಿಂಗ್ಸ್’ನ ನಾಲ್ಕನೇ ಸೀಸನ್ ಮೇ 27ಕ್ಕೆ ಒಂದು ಭಾಗ, ಜುಲೈ 1ಕ್ಕೆ ಇನ್ನೊಂದು ಭಾಗವಾಗಿ ಬಂತು. ಹಾಗೆಂದು ಎಲ್ಲವನ್ನೂ ಒಮ್ಮೆಗೇ ಕೊಡುವ ಕ್ರಮ ಸೋತಿತೆನ್ನುವಂತಿಲ್ಲ. 2021ರಲ್ಲಿ ಒಂಬತ್ತೂ ಕಂತು ಒಂದೇ ದಿನ ಬಂದ ಕೊರಿಯಾದ ‘ಸ್ಕ್ವಿಡ್ ಗೇಮ್’ ಅನ್ನು ಮೊದಲ 28 ದಿನಗಳಲ್ಲಿ ಜಗತ್ತು ಒಟ್ಟು 165 ಕೋಟಿ ಗಂಟೆ ನೋಡಿತು.

ಬಿಡುವನ್ನು ನಾವೇ ಇಟ್ಟುಕೊಳ್ಳುವುದು ಹೇಗೆ?

ಮೊದಲ ಕೆಲಸ ಆಟೋಪ್ಲೇ ತೆಗೆಯುವುದು. ಹೆಚ್ಚಿನ ವೇದಿಕೆಗಳಲ್ಲಿ ಪ್ರೊಫೈಲ್ ಅಥವಾ ಸೆಟ್ಟಿಂಗ್ಸ್ ಒಳಗೆ ಇದಕ್ಕೊಂದು ಗುಂಡಿ ಇರುತ್ತದೆ. ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಪ್ರೊಫೈಲ್ ಇದ್ದರೆ ಪ್ರತಿಯೊಂದರಲ್ಲಿಯೂ ತೆಗೆಯಬೇಕು. ಎರಡನೆಯದು, ಕಂತಿನ ಕೊನೆಯಲ್ಲಿ ನಿಲ್ಲಿಸಲು ಹೋಗದಿರುವುದು. ಕುತೂಹಲ ಅತಿ ಬಿಗಿಯಾಗಿರುವುದು ಅಲ್ಲಿಯೇ. ಮುಂದಿನ ಕಂತಿನ ಮೊದಲ ಹತ್ತು ನಿಮಿಷದಲ್ಲಿ ಬಾಗಿಲಲ್ಲಿ ಬಂದವರು ಯಾರೆಂದು ಗೊತ್ತಾಗಿ ಬಿಗಿ ಸಡಿಲುತ್ತದೆ, ಆಗ ಆರಿಸಿ ಮಲಗುವುದು ಎಷ್ಟೋ ಸುಲಭ.

ನಮ್ಮ ಜಿಲ್ಲೆಯಲ್ಲಿ ಡೇಟಾ ಮತ್ತು ನೆಟ್‌ವರ್ಕ್‌ನ ಮಾತೂ ಸೇರುತ್ತದೆ. ಎಚ್‌ಡಿ ಗುಣಮಟ್ಟದಲ್ಲಿ ಗಂಟೆಗೆ 3 ಜಿಬಿವರೆಗೆ ಖರ್ಚಾಗಬಹುದೆಂದು ನೆಟ್‌ಫ್ಲಿಕ್ಸ್ ತಿಳಿಸುತ್ತದೆ; ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿಗೆ ಅಷ್ಟು ತಾಳಿಕೆಯಿಲ್ಲ. ಹಾಗಾಗಿ ಟವರ್ ಸಿಗದ ಊರಿನವರು ವೈಫೈ ಇರುವಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತಾರೆ. ಡೌನ್‌ಲೋಡ್‌ಗೆ ಕಾಲಮಿತಿ ಇರುತ್ತದೆಂಬುದು ಹಲವರಿಗೆ ತಿಳಿದಿರುವುದಿಲ್ಲ. ಕೆಲವು ಸರಣಿಗಳಲ್ಲಿ, ನೋಡಲು ಆರಂಭಿಸಿದ 48 ಗಂಟೆಗಳಲ್ಲಿ ಆ ಕಂತು ಮುಚ್ಚಿಹೋಗುತ್ತದೆ, ಮತ್ತೆ ತೆರೆಯಲು ಇಂಟರ್ನೆಟ್ ಬೇಕು. ಮಳೆಗಾಲದಲ್ಲಿ ನಾಲ್ಕೈದು ದಿನ ನೆಟ್‌ವರ್ಕ್ ಇಲ್ಲದಿರುವಾಗ ಈ ಮಿತಿಯೇ ‘ಈಗಲೇ ಮುಗಿಸಿಬಿಡೋಣ’ ಎಂಬ ಅವಸರಕ್ಕೆ ದೂಡುತ್ತದೆ. ಪೂರ್ತಿ ಸೀಸನ್ ತುಂಬಿಕೊಳ್ಳುವ ಬದಲು ಎರಡು ಮೂರು ಕಂತನ್ನಷ್ಟೇ ಇಳಿಸಿಕೊಂಡು, ಉಳಿದದ್ದನ್ನು ಮುಂದಿನ ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ಇಳಿಸಿಕೊಂಡರೆ ಡೌನ್‌ಲೋಡ್ ಮುಚ್ಚಿಹೋಗುವ ಭಯವೂ ಇರುವುದಿಲ್ಲ, ಕಂತುಗಳ ನಡುವೆ ವಾರದ ಬಿಡುವೂ ಸಿಗುತ್ತದೆ.